ಕುಡಿತ ಬಿಟ್ಟವರ ಲಿವರನ್ನೂ ಕಾಯಬೇಕು: ಕೇರಳದ ಆರೋಗ್ಯ ಸಚಿವರಿಗೆ ಕಾಸರಗೋಡಿನಿಂದ ಬಹಿರಂಗ ಪತ್ರ

ಕೇರಳ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ, ತಿರುವನಂತಪುರ.

ಪ್ರತಿಗಳು: ಕಾಸರಗೋಡು ಜಿಲ್ಲಾ ಪಂಚಾಯತು ಅಧ್ಯಕ್ಷರಿಗೆ, ಉಕ್ಕಿನಡ್ಕ ಸರ್ಕಾರಿ ವೈದ್ಯಕೀಯ ಕಾಲೇಜಿನ ಪ್ರಾಂಶುಪಾಲರಿಗೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಜೀನೋಮಿಕ್ ಸೈನ್ಸ್ ವಿಭಾಗಕ್ಕೆ.

ಮಾನ್ಯರೇ,

ಕುಡಿತದಿಂದ ಲಿವರ್ ಕೆಟ್ಟವರಲ್ಲಿ ಯಾರಿಗೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು ಎಂಬುದನ್ನು ರಕ್ತದಲ್ಲಿರುವ ಡಿಎನ್‌ಎ ನೋಡಿ ಒಂದು ಮಟ್ಟಿಗೆ ಅಂದಾಜು ಮಾಡುವ ವಿದ್ಯೆ ಈಗ ಹತ್ತಿರ ಬಂದಿದೆ. ಇವತ್ತಲ್ಲ ನಾಳೆ ಅದು ಕಾಸರಗೋಡಿಗೂ ಬರುತ್ತದೆ. ಯಾವ ದಾರಿಯಲ್ಲಿ ಬರಬೇಕು ಎಂಬುದನ್ನು ತಾವು ಈಗಲೇ ತೀರ್ಮಾನಿಸಬಹುದು. ನನ್ನ ಬೇಡಿಕೆ ಇಷ್ಟು: ಅದು ಖಾಸಗಿ ಲ್ಯಾಬಿನ ದುಬಾರಿ ಪ್ಯಾಕೇಜ್ ಆಗಿ ಬರುವ ಮೊದಲು, ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಆದ ಪ್ರತಿಯೊಬ್ಬರಿಗೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡುವ ಸರ್ಕಾರಿ ಕಾರ್ಯಕ್ರಮದ ಒಂದು ಭಾಗವಾಗಿ ಬರಲಿ. ಸ್ಕ್ಯಾನಿನ ವ್ಯವಸ್ಥೆ ಇಲ್ಲದ ಊರಿಗೆ ಜೀನ್ ಪರೀಕ್ಷೆ ತಂದರೆ ಜನರಿಗೆ ಹೆದರಿಕೆ ಸಿಗುತ್ತದೆ, ಚಿಕಿತ್ಸೆ ಸಿಗುವುದಿಲ್ಲ.

ನಾನು ಸರ್ಕಾರಿ ಆಸ್ಪತ್ರೆಗಳ ಲ್ಯಾಬಿನಲ್ಲಿ ಟೆಕ್ನೀಷಿಯನ್ ಆಗಿ ದುಡಿದು ನಿವೃತ್ತನಾದವನು. ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ಆದರೆ ಕುಡಿಯುವವರ ರಕ್ತದ ರಿಪೋರ್ಟು ಹೇಗಿರುತ್ತದೆ ಎಂಬುದು ಕಣ್ಣಿಗೆ ರೂಢಿಯಾದ ವಿಷಯ. ಲಿವರಿನ ಕಿಣ್ವಗಳಲ್ಲಿ ಎಸ್‌ಜಿಪಿಟಿಗಿಂತ ಎಸ್‌ಜಿಒಟಿ ಎರಡು ಪಟ್ಟು ಮೇಲೆ ಹೋಗಿರುತ್ತದೆ, ಜಿಜಿಟಿ ಏರಿರುತ್ತದೆ, ಕೆಂಪು ರಕ್ತಕಣಗಳು ಇರಬೇಕಾದ್ದಕ್ಕಿಂತ ದಪ್ಪವಾಗಿರುತ್ತವೆ. ಕೆಲವು ವರ್ಷ ಕಳೆದು ಅದೇ ವ್ಯಕ್ತಿಯ ಪ್ಲೇಟ್‌ಲೆಟ್ ಮೆಲ್ಲಮೆಲ್ಲನೆ ಇಳಿಯತೊಡಗಿದರೆ, ಲಿವರ್ ಗಟ್ಟಿಯಾಗಿ ಗುಲ್ಮ ಹಿಗ್ಗುತ್ತಿದೆಯೇ ಎಂದು ನೋಡಲೇಬೇಕು. ಆ ಹೊತ್ತಿಗೂ ಎಷ್ಟೋ ಜನ ಗದ್ದೆಗೆ, ತೋಟಕ್ಕೆ, ಕಡಲಿಗೆ ಎಂದಿನಂತೆ ಹೋಗುತ್ತಿರುತ್ತಾರೆ. ಲಿವರ್ ಮುಕ್ಕಾಲು ಹಾಳಾದರೂ ನೋಯುವುದಿಲ್ಲ.

ನನ್ನ ಭಾವ ಅಡಿಕೆ ಮರ ಹತ್ತುವ ಕೆಲಸದಲ್ಲಿ ಹೆಸರು ಮಾಡಿದ್ದವರು. ಮಳೆಗಾಲದಲ್ಲಿ ಮದ್ದು ಬಿಡಲು, ಬೇಸಗೆಯಲ್ಲಿ ಕೊನೆ ಕೊಯ್ಯಲು ಪೆರ್ಲ, ಬದಿಯಡ್ಕದ ಆಚೀಚೆಯ ತೋಟದವರೆಲ್ಲ ಅವರನ್ನೇ ಕಾಯುತ್ತಿದ್ದರು. ಸಂಜೆ ಮೈಕೈ ನೋವಿಗೆ ಎಂದು ಶುರುವಾದದ್ದು ದಿನಾ ಕುಡಿಯುವಲ್ಲಿಗೆ ಮುಟ್ಟಿತು. ಒಂದು ರಾತ್ರಿ ರಕ್ತ ವಾಂತಿಯಾಯಿತು. ಆಸ್ಪತ್ರೆಯಲ್ಲಿ ಸಿರೋಸಿಸ್ ಎಂದರು. ಅವತ್ತಿನಿಂದ ಅವರು ಒಂದು ತೊಟ್ಟೂ ಮುಟ್ಟಲಿಲ್ಲ. ಮದುವೆಮನೆಯಲ್ಲಿ, ಕೋಲದಲ್ಲಿ, ಗೆಳೆಯರ ನಡುವೆ, ಎಲ್ಲೂ ಇಲ್ಲ. ಕುಡಿಯುವವರಿಗೆ ಬಿಡುವುದು ಎಷ್ಟು ಕಷ್ಟ ಎಂದು ಗೊತ್ತಿದ್ದವರಿಗೆ ಮಾತ್ರ ಅದರ ಬೆಲೆ ತಿಳಿದೀತು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರಿತ್ತು, ಉಪ್ಪು ಕಡಿಮೆ ಮಾಡಿ ಎಂದಿತ್ತು, ಮದ್ಯ ನಿಷಿದ್ಧ ಎಂದಿತ್ತು. ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಎಂಬ ಒಂದು ಸಾಲು ಇರಲಿಲ್ಲ. ವರ್ಷಗಳ ಮೇಲೆ ತೂಕ ಇಳಿಯಿತು, ಬಲ ಪಕ್ಕೆಯ ಕೆಳಗೆ ಭಾರ ಎನ್ನಿಸಿತು. ಆಗ ಮಾಡಿಸಿದ ಸ್ಕ್ಯಾನಿನಲ್ಲಿ ಗಡ್ಡೆ ಲಿವರಿನ ದೊಡ್ಡ ರಕ್ತನಾಳದೊಳಗೆ ಇಳಿದಿತ್ತು. ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ನಾನು ಬಿಟ್ಟಿದ್ದೆನಲ್ಲ?"

ಬಿಟ್ಟದ್ದರಿಂದ ಅವರಿಗೆ ಅಷ್ಟು ವರ್ಷ ಸಿಕ್ಕಿತು ಎಂಬುದು ನಿಜ. ಆದರೆ ಸಿರೋಸಿಸ್ ಒಮ್ಮೆ ಕೂತ ಮೇಲೆ ಕ್ಯಾನ್ಸರಿನ ಅಪಾಯ ಕುಡಿತದ ಜೊತೆಗೇ ಹೋಗಿಬಿಡುವುದಿಲ್ಲ. 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಅಂದಾಜಿನಂತೆ, ಕುಡಿತ ಬಿಟ್ಟ ಮೇಲೆ ಲಿವರ್ ಕ್ಯಾನ್ಸರಿನ ಅಪಾಯ ವರ್ಷಕ್ಕೆ ಶೇಕಡ 6ರಿಂದ 7ರಷ್ಟು ಇಳಿಯುತ್ತದೆ. ಎಂದೂ ಕುಡಿಯದವರ ಮಟ್ಟಕ್ಕೆ ಬರಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕು. ಹಾಗಾದರೆ ಕುಡಿತ ಬಿಟ್ಟವರನ್ನು ಆ ಇಪ್ಪತ್ತು ವರ್ಷ ಕಾಯುವವರು ಯಾರು? ಸರ್ಕಾರದ ಚಟ ಬಿಡಿಸುವ ವಿಮುಕ್ತಿ ಮಿಷನ್ ಬಿಡಿಸುತ್ತದೆ, ಒಳ್ಳೆಯದೇ. ಬಿಟ್ಟವರ ಹೆಸರು ಆಮೇಲೆ ಯಾವ ಪುಸ್ತಕದಲ್ಲಿ ಇರುತ್ತದೆ?

ಭಾವನ ಜೊತೆಗೇ ಮರ ಹತ್ತಿ, ಜೊತೆಗೇ ಕುಡಿದ ಇನ್ನೊಬ್ಬರಿದ್ದಾರೆ. ಅವರ ಲಿವರಿಗೆ ಅಂಥದ್ದೇನೂ ಆಗಿಲ್ಲ. ಊರಿನಲ್ಲಿ ಇಂಥ ಜೋಡಿಗಳನ್ನು ಎಲ್ಲರೂ ಕಂಡಿರುತ್ತಾರೆ. ಕಂಡು, ಹಣೆಬರಹ ಎಂದು ಸುಮ್ಮನಾಗುತ್ತಾರೆ. ವಿಪರೀತ ಕುಡಿಯುವ ನೂರು ಜನರಲ್ಲಿ ಸಿರೋಸಿಸ್ ಆಗುವುದು ಸುಮಾರು ಹತ್ತರಿಂದ ಇಪ್ಪತ್ತು ಜನರಿಗೆ. ಎಷ್ಟು ಕುಡಿದರು, ಎಷ್ಟು ವರ್ಷ ಕುಡಿದರು, ಸಕ್ಕರೆ ಕಾಯಿಲೆ ಇದೆಯೇ, ಮೈ ಬೊಜ್ಜು ಎಷ್ಟು, ಹೆಪಟೈಟಿಸ್ ಬಿ ಅಥವಾ ಸಿ ಸೋಂಕು ಇದೆಯೇ, ಗಂಡೋ ಹೆಣ್ಣೋ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಹೆಂಗಸರ ಲಿವರ್ ಕಡಿಮೆ ಪ್ರಮಾಣದಲ್ಲೇ ಕೆಡುತ್ತದೆ. ಇಷ್ಟೆಲ್ಲ ಕಳೆದ ಮೇಲೂ ಉಳಿಯುವ ವ್ಯತ್ಯಾಸದ ಒಂದು ಪಾಲು ತಂದೆತಾಯಿಯಿಂದ ಬಂದ ಡಿಎನ್‌ಎಯಲ್ಲಿದೆ.

ಅದರಲ್ಲಿ ಅತಿ ಗಟ್ಟಿಯಾಗಿ ಸಾಬೀತಾದದ್ದು ಪಿಎನ್‌ಪಿಎಲ್‌ಎ3 ಎಂಬ ಜೀನ್. ಇರುವುದು 22ನೇ ಕ್ರೋಮೋಸೋಮಿನಲ್ಲಿ. ಅದು ಕೊಡುವ ಪ್ರೋಟೀನಿನ 148ನೇ ಜಾಗದಲ್ಲಿ ಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಕೆಲವರಿಗೆ ಮೆಥಿಯೋನಿನ್ ಇರುತ್ತದೆ. ಡಿಎನ್‌ಎಯಲ್ಲಿ ಒಂದು ಅಕ್ಷರದ ಬದಲಾವಣೆ, ಅಷ್ಟೇ. ಹಾಗೆ ಬದಲಾದ ಪ್ರೋಟೀನು ಲಿವರ್ ಕೋಶದೊಳಗಿನ ಕೊಬ್ಬಿನ ಹನಿಗಳ ಮೇಲೆ ಕೂತು ಕರಗದೆ ಉಳಿದು, ಕೊಬ್ಬು ಒಡೆಯುವ ಕೆಲಸಕ್ಕೆ ಅಡ್ಡಿಯಾಗುತ್ತದೆ. 2008ರಲ್ಲಿ ಅಮೆರಿಕದ ಡಲ್ಲಾಸಿನ ಅಧ್ಯಯನವೊಂದು ಲಿವರಿನ ಕೊಬ್ಬಿಗೂ ಇದಕ್ಕೂ ಇರುವ ನಂಟನ್ನು ಮೊದಲು ತೋರಿಸಿತು. ಎರಡೇ ವರ್ಷದಲ್ಲಿ, 2010ರಲ್ಲಿ, ಕುಡಿತದಿಂದ ಬರುವ ಲಿವರ್ ಕಾಯಿಲೆಗೂ ಇದರ ನಂಟು ಕಂಡುಬಂತು. ಆಮೇಲಿನ ಅಧ್ಯಯನಗಳಲ್ಲಿ, ಕುಡಿತದ ಸಿರೋಸಿಸ್ ಇದ್ದವರ ನಡುವೆಯೂ ಈ ಬದಲಾವಣೆ ಹೊತ್ತವರಿಗೆ ಕ್ಯಾನ್ಸರಿನ ಅಪಾಯ ಹೆಚ್ಚು ಎಂದು ಮತ್ತೆ ಮತ್ತೆ ಕಾಣಿಸಿತು. ತಂದೆ ತಾಯಿ ಇಬ್ಬರಿಂದಲೂ ಪಡೆದವರಿಗೆ ಇನ್ನೂ ಹೆಚ್ಚು.

ಎರಡನೆಯದು 19ನೇ ಕ್ರೋಮೋಸೋಮಿನ ಟಿಎಂ6ಎಸ್‌ಎಫ್2. ಲಿವರಿನಿಂದ ಕೊಬ್ಬನ್ನು ರಕ್ತಕ್ಕೆ ಸಾಗಿಸುವಲ್ಲಿ ಇದರ ಪಾತ್ರವಿದೆ. ಬದಲಾದ ರೂಪದಲ್ಲಿ ಕೊಬ್ಬು ಲಿವರಿನಲ್ಲೇ ಉಳಿಯುತ್ತದೆ. ಇದೂ, ಎಂಬಿಒಎಟಿ7 ಎಂಬ ಇನ್ನೊಂದು ಜಾಗವೂ ಕುಡಿತದ ಸಿರೋಸಿಸ್ ಜೊತೆ ಸೇರಿಕೊಂಡಿವೆ ಎಂಬುದು 2015ರಲ್ಲಿ ಇಡೀ ಜೀನೋಮ್ (ಮನುಷ್ಯನ ಪೂರ್ತಿ ಡಿಎನ್‌ಎ) ಜಾಲಾಡಿ ಮಾಡಿದ ಅಧ್ಯಯನದಲ್ಲಿ ಕಂಡುಬಂತು. ಕಾಪಾಡುವ ಬದಲಾವಣೆಗಳೂ ಇವೆ. 2018ರಲ್ಲಿ ವರದಿಯಾದ ಎಚ್‌ಎಸ್‌ಡಿ17ಬಿ13 ಜೀನಿನ ಒಂದು ರೂಪ ಲಿವರ್ ಕಾಯಿಲೆ ಮುಂದುವರಿಯುವುದನ್ನು ತಗ್ಗಿಸುತ್ತದೆ. ಟೆಲೋಮರೇಸ್ ಎಂಬ ಕಿಣ್ವದ ಜೀನಿನಲ್ಲೂ ಅಂಥದ್ದೊಂದಿದೆ. ಕುಡಿತದ ಲಿವರ್ ಕ್ಯಾನ್ಸರನ್ನೇ ಗುರಿಯಾಗಿಟ್ಟು ಇಡೀ ಜೀನೋಮ್ ಹುಡುಕಿದ ಅಧ್ಯಯನ 2022ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಬಂತು. 1ನೇ ಕ್ರೋಮೋಸೋಮಿನಲ್ಲಿ ಡಬ್ಲ್ಯುಎನ್‌ಟಿ3ಎ, ಡಬ್ಲ್ಯುಎನ್‌ಟಿ9ಎ ಜೀನುಗಳ ಬಳಿಯ ಒಂದು ಬದಲಾವಣೆ ಇದ್ದವರಲ್ಲಿ ಕ್ಯಾನ್ಸರ್ ಕಡಿಮೆ ಎಂದು ಅದು ತೋರಿಸಿತು. ಮೊದಲು ಗೊತ್ತಿದ್ದವುಗಳಲ್ಲಿ ಹೆಚ್ಚಿನವು ಕೊಬ್ಬಿನ ಸುತ್ತಲಿನ ಜೀನುಗಳಾದರೆ, ಇದು ಕೋಶಗಳು ಬೆಳೆಯುವ ಹಾದಿಗೆ ಸೇರಿದ್ದು. ಅದಕ್ಕೇ ಇದನ್ನು ನಾನು ದೊಡ್ಡ ವಿಷಯ ಎಂದು ಎಣಿಸುತ್ತೇನೆ.

ಇಲ್ಲಿ ಒಂದು ಗೊಂದಲ ಆಗಬಾರದು. ಮೇಲೆ ಹೇಳಿದವು ಹುಟ್ಟಿನಿಂದ ಬಂದವು, ಮೈಯ ಪ್ರತಿ ಕೋಶದಲ್ಲೂ ಇರುವವು. ಗಡ್ಡೆಯ ಡಿಎನ್‌ಎಯಲ್ಲಿ ಆಮೇಲೆ ಆಗುವ ಬದಲಾವಣೆಗಳು ಬೇರೆ. ಅವು ಮಕ್ಕಳಿಗೆ ದಾಟುವುದಿಲ್ಲ. ಕ್ಯಾನ್ಸರ್ ಇದೆಯೇ, ಎಂಥ ಕ್ಯಾನ್ಸರ್ ಎಂದು ತಿಳಿಯಲು ಅವು ಬೇಕಾಗುತ್ತವೆ. ರಕ್ತಕ್ಕೆ ಸೋರಿದ ಗಡ್ಡೆಯ ಡಿಎನ್‌ಎ ಹಿಡಿಯುವ ಪರೀಕ್ಷೆಗಳ ಮೇಲೂ ಕೆಲಸ ನಡೆಯುತ್ತಿದೆ. ನನ್ನ ಈ ಪತ್ರ ಹುಟ್ಟಿನಿಂದ ಬಂದ ಗುರುತುಗಳ ಬಗ್ಗೆ.

ಇನ್ನು ಮುಖ್ಯವಾದ ಮಾತು. 2022ರ ಆ ಅಧ್ಯಯನದಲ್ಲಿ ಇದ್ದವರು ಯುರೋಪಿಯನ್ ಮೂಲದವರು. ಪಿಎನ್‌ಪಿಎಲ್‌ಎ3ರ ಆ ಒಂದು ಅಕ್ಷರವೇ ಜನಾಂಗದಿಂದ ಜನಾಂಗಕ್ಕೆ ಎಷ್ಟು ಬದಲಾಗುತ್ತದೆ ನೋಡಿ: ಡಲ್ಲಾಸಿನ ಅಧ್ಯಯನದಲ್ಲಿ ಅಪಾಯದ ರೂಪದ ಪಾಲು ಹಿಸ್ಪಾನಿಕರಲ್ಲಿ (ಲ್ಯಾಟಿನ್ ಅಮೆರಿಕ ಮೂಲದವರಲ್ಲಿ) ಶೇಕಡ 49, ಯುರೋಪ್ ಮೂಲದವರಲ್ಲಿ 23, ಆಫ್ರಿಕಾ ಮೂಲದವರಲ್ಲಿ 17. ಕುಡಿದ ಕೂಡಲೇ ಮುಖ ಕೆಂಪೇರಿಸುವ ಎಎಲ್‌ಡಿಎಚ್2 ಜೀನಿನ ರೂಪ ಜಪಾನ್, ಚೀನಾ, ಕೊರಿಯಾಗಳಲ್ಲಿ ಸಾಮಾನ್ಯ. ನಮ್ಮ ದೇಶದಲ್ಲಿ ಅಪರೂಪ. ಹಾಗಿರುವಾಗ ಬೇರೆ ಜನರ ಮೇಲೆ ಲೆಕ್ಕ ಹಾಕಿ ಮಾಡಿದ ಅಪಾಯದ ಅಂಕವನ್ನು ಮಂಜೇಶ್ವರದ ಮೀನುಗಾರರಿಗೂ ಮುಳ್ಳೇರಿಯದ ಕೂಲಿಯವರಿಗೂ ಹಾಗೆಯೇ ಹಚ್ಚುವುದು ಸರಿಯಲ್ಲ. ಕೇಂದ್ರದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಲು ಹೊರಟಿತು. ಆ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲಾಯಿತು. ಅದು ಅಡಿಪಾಯ. ಆದರೆ ಅದರಲ್ಲಿರುವುದು ಸಾಮಾನ್ಯ ಜನರ ಜೀನೋಮ್. ಕುಡಿತದಿಂದ ಸಿರೋಸಿಸ್ ಆಗಿ, ಆಮೇಲೆ ಕ್ಯಾನ್ಸರ್ ಬಂದವರನ್ನೂ ಬಾರದವರನ್ನೂ ವರ್ಷಗಟ್ಟಲೆ ಹಿಂಬಾಲಿಸಿ ಹೋಲಿಸುವ ಕೆಲಸವನ್ನು ಜಿಲ್ಲೆಗಳೇ ಮಾಡಬೇಕು.

ಆ ಕೆಲಸಕ್ಕೆ ಕಾಸರಗೋಡು ತಕ್ಕ ಜಾಗ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀನೋಮಿಕ್ ಸೈನ್ಸ್ ವಿಭಾಗವೇ ಇದೆ. 2020ರಲ್ಲಿ ಅದೇ ವಿಶ್ವವಿದ್ಯಾಲಯ ಜಿಲ್ಲೆಯ ಕೊರೋನಾ ಮಾದರಿಗಳನ್ನು ಆರ್‌ಟಿ-ಪಿಸಿಆರ್‌ನಲ್ಲಿ ಪರೀಕ್ಷಿಸಿ ಕೊಟ್ಟಿತು. ಒಂದು ಅಕ್ಷರದ ಬದಲಾವಣೆ ಪತ್ತೆ ಹಚ್ಚಲು ಇಡೀ ಜೀನೋಮ್ ಓದಬೇಕಾಗಿಲ್ಲ, ಪಿಸಿಆರ್ ಸಾಕು. ಅದಕ್ಕೆ ಬೇಕಾದ ರಕ್ತ, ನಾವು ದಿನಾ ಸಿಬಿಸಿ ಪರೀಕ್ಷೆಗೆ ತೆಗೆಯುವ ನೇರಳೆ ಮುಚ್ಚಳದ ಟ್ಯೂಬಿನದ್ದೇ. ಇನ್ನು ಉಕ್ಕಿನಡ್ಕದ ವೈದ್ಯಕೀಯ ಕಾಲೇಜು. 2013ರಲ್ಲಿ ಶಂಕುಸ್ಥಾಪನೆಯಾದಂದಿನಿಂದ ಈ ಜಿಲ್ಲೆ ಅದಕ್ಕಾಗಿ ಕಾದಿದೆ. 2025ರಲ್ಲಿ 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿತು. ಹೊಸ ಕಾಲೇಜಿಗೆ ತನ್ನದೇ ಊರಿನ ಕಾಯಿಲೆಯೊಂದು ಅಧ್ಯಯನದ ವಿಷಯವಾಗಿ ಬೇಕು. ಇದಕ್ಕಿಂತ ಹತ್ತಿರದ್ದು ಯಾವುದಿದೆ? ತೆಂಗಿನ ಜೀನೋಮ್ ಓದುವಲ್ಲಿ ಕೈಯಾಡಿಸಿದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಇರುವುದು ಇದೇ ಜಿಲ್ಲೆಯ ಕೂಡ್ಲುವಿನಲ್ಲಿ. ತೆಂಗಿನ ಮರಕ್ಕೆ ಸಿಕ್ಕಿದ ಗಮನ ಅದನ್ನು ಹತ್ತುವವರಿಗೂ ಸಿಗಲಿ ಎಂದು ಮನಸಾರೆ ಕೇಳುತ್ತಿದ್ದೇನೆ.

ಆದರೆ ಜೀನಿನಿಂದ ಶುರು ಮಾಡಬೇಡಿ. ಮೊದಲು ಸಿರೋಸಿಸ್ ಇದ್ದವರು ಯಾರು ಎಂದು ಕಂಡುಹಿಡಿಯಬೇಕು, ಯಾಕೆಂದರೆ ಲಿವರ್ ಕ್ಯಾನ್ಸರಿನ ಹತ್ತರಲ್ಲಿ ಎಂಟು ಒಂಬತ್ತು ಸಿರೋಸಿಸ್ ಆದ ಲಿವರಿನಲ್ಲೇ ಹುಟ್ಟುತ್ತವೆ. ಇದಕ್ಕೆ ಹೊಸ ಯಂತ್ರ ಬೇಡ. ಪ್ರಾಯ, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಈ ನಾಲ್ಕು ಅಂಕಿ ಸಾಕು. ಪ್ರಾಯವನ್ನು ಎಸ್‌ಜಿಒಟಿಯಿಂದ ಗುಣಿಸಿ, ಬಂದದ್ದನ್ನು, ಪ್ಲೇಟ್‌ಲೆಟ್ಟನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿದಾಗ ಸಿಗುವ ಅಂಕಿಯಿಂದ ಭಾಗಿಸಿದರೆ ಸಿಗುವುದಕ್ಕೆ ಫಿಬ್-4 ಎನ್ನುತ್ತಾರೆ. 1.3ಕ್ಕಿಂತ ಕಡಿಮೆ ಇದ್ದರೆ ಸಮಾಧಾನ, 2.67ಕ್ಕಿಂತ ಹೆಚ್ಚಿದ್ದರೆ ಮುಂದಿನ ಪರೀಕ್ಷೆ ಬೇಕು. ಉದಾಹರಣೆಗೆ 52 ವರ್ಷದ ಒಬ್ಬರ ಎಸ್‌ಜಿಒಟಿ 96, ಎಸ್‌ಜಿಪಿಟಿ 44, ಪ್ಲೇಟ್‌ಲೆಟ್ 1.1 ಲಕ್ಷ ಎಂದಿಟ್ಟುಕೊಳ್ಳಿ. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ 110 ಎಂದು ಹಾಕಿ ಲೆಕ್ಕ ಮಾಡಿದರೆ 6.8 ಬರುತ್ತದೆ. ಇಂಥ ರಿಪೋರ್ಟುಗಳು ಯಾವ ಲ್ಯಾಬಿನಲ್ಲೂ ಅಪರೂಪವಲ್ಲ. ಮೂರು ಅಂಕಿಗಳೂ ಅದೇ ಕಾಗದದಲ್ಲಿ ಅಚ್ಚಾಗಿರುತ್ತವೆ, ಪ್ರಾಯ ಮೇಲೆ ಬರೆದಿರುತ್ತದೆ, ಭಾಗಾಕಾರ ಮಾತ್ರ ಯಾರೂ ಮಾಡಿರುವುದಿಲ್ಲ. ಮೊನ್ನೆ ಮೊನ್ನೆಯವರೆಗೆ ಕುಡಿದವರಲ್ಲಿ ಎಸ್‌ಜಿಒಟಿ ತಾನಾಗಿಯೇ ಏರಿರುವುದರಿಂದ ಕುಡಿತ ನಿಲ್ಲಿಸಿದ ಕೆಲವು ವಾರದ ಮೇಲೆ ಇನ್ನೊಮ್ಮೆ ನೋಡಬೇಕು. ಅದೂ ಹೆಚ್ಚಿದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್. ಸರ್ಕಾರಿ ಲ್ಯಾಬುಗಳ ಕಂಪ್ಯೂಟರಿಗೆ ಈ ಒಂದು ಸೂತ್ರ ಸೇರಿಸಿ, ರಿಪೋರ್ಟಿನ ಕೊನೆಯಲ್ಲಿ ತಾನಾಗಿ ಅಚ್ಚಾಗುವಂತೆ ಮಾಡಲು ತಮ್ಮ ಒಂದು ಆದೇಶ ಸಾಕು.

ಆಶಾ ಕಾರ್ಯಕರ್ತೆಯರು ಆರೋಗ್ಯ ಇಲಾಖೆಯ ಶೈಲಿ ಆ್ಯಪ್ ಹಿಡಿದು ಮೂವತ್ತು ದಾಟಿದವರ ಮನೆಮನೆಗೆ ಹೋಗಿದ್ದಾರೆ. ಸಕ್ಕರೆ, ಬಿಪಿ, ಕೆಲವು ಕ್ಯಾನ್ಸರುಗಳ ಪ್ರಶ್ನೆ ಕೇಳುತ್ತಾರೆ. ಆ ತಾಯಂದಿರ ಮೇಲೆ ಇನ್ನಷ್ಟು ಹೊರೆ ಹಾಕಿ ಎನ್ನಲು ನನಗೆ ಮನಸ್ಸಿಲ್ಲ. ಅವರಿಗೆ ಕೊಡುವ ಸಂಬಳ ಮೊದಲು ಸರಿಯಾಗಬೇಕು. ಆದರೆ ದಿನಾ ಕುಡಿಯುವವರು ಎಂದು ಗೊತ್ತಾದ ಮೇಲೆ ಅವರನ್ನು ಕುಟುಂಬ ಆರೋಗ್ಯ ಕೇಂದ್ರದಲ್ಲಿ ಈ ಮೂರು ರಕ್ತಪರೀಕ್ಷೆಗೂ, ರಾಷ್ಟ್ರೀಯ ವೈರಲ್ ಹೆಪಟೈಟಿಸ್ ಕಾರ್ಯಕ್ರಮದಡಿ ಉಚಿತವಾಗಿರುವ ಬಿ ಮತ್ತು ಸಿ ಪರೀಕ್ಷೆಗೂ ಕಳಿಸುವ ವ್ಯವಸ್ಥೆ ಆಗಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇರಳದ ಹದಿನೈದು ದಾಟಿದ ಗಂಡಸರಲ್ಲಿ ಸುಮಾರು ಐವರಿಗೊಬ್ಬರು ಕುಡಿಯುತ್ತೇವೆ ಎಂದಿದ್ದಾರೆ. ಅವರೆಲ್ಲರಿಗೂ ಜೀನ್ ಪರೀಕ್ಷೆ ಬೇಡ, ಬೇಕಾಗಿಯೂ ಇಲ್ಲ.

ಸಿರೋಸಿಸ್ ಖಚಿತವಾದವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ (ಲಿವರ್ ಕ್ಯಾನ್ಸರಿನಲ್ಲಿ ಏರಬಹುದಾದ ಒಂದು ಪ್ರೋಟೀನು) ರಕ್ತಪರೀಕ್ಷೆ. ಇದರಲ್ಲಿ ರಾಜಿ ಬೇಡ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಮಾಡಿದ ಲೆಕ್ಕದಂತೆ, ಆರಂಭದ ಹಂತದ ಕ್ಯಾನ್ಸರುಗಳಲ್ಲಿ ಅಲ್ಟ್ರಾಸೌಂಡ್ ಒಂದೇ ಹಿಡಿಯುವುದು ನೂರಕ್ಕೆ 45ನ್ನು. ಎಎಫ್‌ಪಿ ಸೇರಿದರೆ 63ನ್ನು. ಉಳಿದವು ತಪ್ಪಿಹೋಗುತ್ತವೆ. ಜೀನಿನ ಗುರುತು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಎಲ್ಲರಿಗೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ನಡೆಯಲಿ. ಅದರ ಮೇಲೆ, ಪ್ರಾಯ, ಸಕ್ಕರೆ ಕಾಯಿಲೆ, ಪ್ಲೇಟ್‌ಲೆಟ್ ಇವುಗಳ ಜೊತೆ ಜೀನಿನ ಅಂಕವೂ ಸೇರಿ ಯಾರಿಗೆ ಅಪಾಯ ಹೆಚ್ಚೆಂದು ಕಾಣುತ್ತದೋ ಅವರಿಗೆ ಸಿಟಿ ಅಥವಾ ಎಂಆರ್‌ಐ ಸಿಗುವಂತಾಗಲಿ. ಜೀನಿನ ಅಂಕ ಕಡಿಮೆ ಬಂತು ಎಂದು ಯಾರ ಸ್ಕ್ಯಾನನ್ನೂ ನಿಲ್ಲಿಸಬಾರದು. ಈ ಗುರುತುಗಳು ಒಂದೊಂದೂ ಅಪಾಯವನ್ನು ಸ್ವಲ್ಪ ಮೇಲೆ ಕೆಳಗೆ ಮಾಡುವಂಥವು. ಒಬ್ಬ ಮನುಷ್ಯನ ಭವಿಷ್ಯ ಹೇಳುವಂಥವಲ್ಲ. ಆದರೆ ಗಡ್ಡೆ ಸಿಕ್ಕಾಗ ಅದರ ಗಾತ್ರ ಎಷ್ಟಿತ್ತು ಎಂಬುದು ಭವಿಷ್ಯವನ್ನು ನಿಜಕ್ಕೂ ಬದಲಿಸುತ್ತದೆ. 1996ರಿಂದ ಲಿವರ್ ಕಸಿಗೆ ಬಳಸುವ ಮಿಲಾನ್ ಮಾನದಂಡವೇ ಒಂದು ಗಡ್ಡೆಯಾದರೆ 5 ಸೆಂಟಿಮೀಟರಿನ ಒಳಗೆ, ಮೂರರವರೆಗೆ ಇದ್ದರೆ ತಲಾ 3ರ ಒಳಗೆ ಎನ್ನುತ್ತದೆ. ಸೂಜಿಯಿಂದ ಸುಟ್ಟು ಗುಣಪಡಿಸುವ ಚಿಕಿತ್ಸೆಯೂ ಚಿಕ್ಕ ಗಡ್ಡೆಗಳಿಗೇ ಚೆನ್ನಾಗಿ ಆಗುವುದು. ನನ್ನ ಭಾವನ ಗಡ್ಡೆಯೂ ಒಂದು ಕಾಲಕ್ಕೆ 2 ಸೆಂಟಿಮೀಟರ್ ಇದ್ದಿರಲೇಬೇಕು.

ಈಗ ಭಯದ ಮಾತು. ಜೀನಿನ ವಿಷಯ ಊರಿಗೆ ಬಂದ ಕೂಡಲೇ ಎರಡು ಅಪಾಯ ಹಿಂದೆಯೇ ಬರುತ್ತವೆ.

ಒಂದು, ಸುಳ್ಳು ಧೈರ್ಯ. ನನಗೆ ಕಾಪಾಡುವ ಜೀನ್ ಇದೆ, ಕುಡಿದರೆ ಏನೂ ಆಗುವುದಿಲ್ಲ ಎಂದು ರಿಪೋರ್ಟು ಹಿಡಿದು ಹೇಳುವವರು ಹುಟ್ಟಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ, ಗಂಟಲು, ಅನ್ನನಾಳ, ದೊಡ್ಡ ಕರುಳು, ಸ್ತನ, ಇವುಗಳ ಕ್ಯಾನ್ಸರಿಗೂ ಅದು ಕಾರಣ. ಲಿವರನ್ನು ಕಾಪಾಡುವ ಜೀನ್ ಗಂಟಲನ್ನು ಕಾಪಾಡುವುದಿಲ್ಲ. ನಮ್ಮ ಕಡೆ ಇನ್ನೊಂದು ನಂಬಿಕೆ ಗಟ್ಟಿಯಾಗಿದೆ: ಬೆವ್ಕೊ ಎಂಬ ಸರ್ಕಾರಿ ಮದ್ಯದ ಅಂಗಡಿಯದ್ದು ಕೆಟ್ಟದ್ದು, ಕಳ್ಳು ಮೈಗೆ ತಂಪು, ಗೇರುಹಣ್ಣಿನದ್ದು ಔಷಧಿ ಎಂದು. ಯಾವುದರಲ್ಲಿದ್ದರೂ ಇರುವುದು ಅದೇ ಎಥನಾಲ್. ಲಿವರಿಗೆ ಹೋಗಿ ಅದೇ ಅಸಿಟಾಲ್ಡಿಹೈಡ್ ಆಗಿ ಅದೇ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಯಾವುದನ್ನು ಕುಡಿದರು ಎಂಬುದಲ್ಲ, ಎಷ್ಟು ಕುಡಿದರು ಎಂಬುದು ಲೆಕ್ಕ.

ಎರಡು, ಹಣೆಪಟ್ಟಿ. ಇದು ನನ್ನನ್ನು ಹೆಚ್ಚು ಕಾಡುತ್ತದೆ. ಏಳು ಭಾಷೆಯ ಈ ನೆಲದಲ್ಲಿ ಸಮುದಾಯಗಳು ಹಲವು. ಅಧ್ಯಯನ ಮಾಡಿದವರು ಇಂಥ ಜಾತಿಯಲ್ಲಿ ಇಂಥ ಜೀನ್ ಹೆಚ್ಚು ಎಂದು ಒಂದು ಪಟ್ಟಿ ಪ್ರಕಟಿಸಿದರೆ, ಮರುದಿನ ಪತ್ರಿಕೆಯಲ್ಲಿ ಅದು ಕುಡುಕರ ಜೀನ್ ಆಗುತ್ತದೆ. ಕೊರಗರಂಥ ಸಮುದಾಯ ಈಗಾಗಲೇ ಹೊತ್ತಿರುವ ಅವಮಾನಕ್ಕೆ ವಿಜ್ಞಾನದ ಮುದ್ರೆಯೂ ಬೀಳಬಾರದು. ಪಿಎನ್‌ಪಿಎಲ್‌ಎ3 ಕುಡಿಯುವಂತೆ ಮಾಡುವ ಜೀನ್ ಅಲ್ಲವೇ ಅಲ್ಲ. ಒಂದು ತೊಟ್ಟೂ ಕುಡಿಯದವರಲ್ಲೂ ಅದು ಲಿವರಿನಲ್ಲಿ ಕೊಬ್ಬು ಹೆಚ್ಚಿಸುತ್ತದೆ. ಸಮುದಾಯದ ಹೆಸರು ಹಾಕಿ ಯಾವ ಫಲಿತಾಂಶವನ್ನೂ ಆ ಸಮುದಾಯದ ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು ಎಂಬುದು ಕಾರ್ಯಕ್ರಮದ ಮೊದಲ ಷರತ್ತಾಗಲಿ. ವಿಮೆಯ ವಿಷಯದಲ್ಲೂ ಎಚ್ಚರ ಬೇಕು. ಜೀನಿನ ಒಲವನ್ನೇ ನೆಪ ಮಾಡಿ ಆರೋಗ್ಯ ವಿಮೆಯಲ್ಲಿ ಭೇದ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ದೆಹಲಿ ಹೈಕೋರ್ಟ್ 2018ರ ಫೆಬ್ರವರಿಯಲ್ಲಿ ಹೇಳಿದೆ. ತೀರ್ಪು ಇದ್ದರೂ, ರೋಗಿಯ ಜೀನ್ ರಿಪೋರ್ಟು ಅವರ ಲಿಖಿತ ಒಪ್ಪಿಗೆ ಇಲ್ಲದೆ ಆಸ್ಪತ್ರೆಯ ಹೊರಗೆ ಹೋಗದ ಹಾಗೆ ರಾಜ್ಯವೇ ನಿಯಮ ಮಾಡಬೇಕು.

ರಕ್ತ ಕೊಡುವುದು ಎಂದರೆ ಏನು ಎಂದು ಈ ಜಿಲ್ಲೆಗೆ ಗೊತ್ತು. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ವರ್ಷಗಳ ಮೇಲೆ ನಮ್ಮ ಎಣ್ಮಕಜೆಯ ಪಡ್ರೆಗೆ ಎಷ್ಟೋ ತಂಡಗಳು ಬಂದವು, ರಕ್ತ ತೆಗೆದವು, ಪ್ರಶ್ನೆ ಕೇಳಿದವು. ಸಂತ್ರಸ್ತರಿಗೆ ಪರಿಹಾರದ ಹಣ ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಬೇಕಾಗಿ ಬಂತು. ಹಾಗಾಗಿ ಈ ಸಲ ರಕ್ತ ತೆಗೆದುಕೊಂಡು ಹೋದವರು ಫಲಿತಾಂಶದೊಂದಿಗೆ ಅದೇ ಮನೆಗೆ ಹಿಂದೆ ಬರಬೇಕು. ಏನು ಸಿಕ್ಕಿತು, ಅದರಿಂದ ನಾಳೆ ಏನು ಮಾಡಬೇಕು, ಸ್ಕ್ಯಾನಿನ ತಾರೀಕು ಯಾವುದು ಎಂದು ಮನೆಯವರ ಎದುರು ಕೂತು ಹೇಳಬೇಕು. ತಂದೆಗೆ ಅಪಾಯದ ಗುರುತು ಇದ್ದರೆ ಮಕ್ಕಳಿಗೂ ಇರಬಹುದು ಎಂಬುದನ್ನು ತಿಳಿಸುವ ಸಲಹೆಗಾರರು ಬೇಕು. ಹದಿಹರೆಯದ ಹುಡುಗನಿಗೆ ಈ ಮಾತನ್ನು ಸರಿಯಾಗಿ ಹೇಳಿದರೆ ಅವನು ಮೊದಲ ಗ್ಲಾಸಿನ ಮುಂದೆ ಒಂದು ಕ್ಷಣ ಯೋಚಿಸಿಯಾನು. ತಪ್ಪಾಗಿ ಹೇಳಿದರೆ, ಹೇಗೂ ಸಾಯುವುದೇ ಎಂದು ಹೊರಟಾನು.

ಗಡಿಯ ಕಷ್ಟ ಬೇರೆ. ನಮ್ಮಲ್ಲಿ ಹೆಚ್ಚಿನವರು ದೊಡ್ಡ ಕಾಯಿಲೆಗೆ ತಲಪಾಡಿ ದಾಟಿ ಮಂಗಳೂರಿಗೇ ಹೋಗುವುದು. 2020ರ ಮಾರ್ಚಿನಲ್ಲಿ ಕೊರೋನಾದ ಹೆಸರಿನಲ್ಲಿ ಕರ್ನಾಟಕ ಆ ದಾರಿಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ರೋಗಿಗಳಿಗೆ ಆದದ್ದನ್ನು ಯಾರೂ ಮರೆತಿಲ್ಲ. ಅಲ್ಲಿ ಪತ್ತೆಯಾದ ಕ್ಯಾನ್ಸರ್ ಇಲ್ಲಿಯ ಪಂಚಾಯತಿನ ಲೆಕ್ಕಕ್ಕೆ ಬರದೆ ಹೋದರೆ ಕಾಸರಗೋಡಿನಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಎಂದೇ ಕಡತ ಹೇಳುತ್ತದೆ. ಕರ್ನಾಟಕ ಸರ್ಕಾರದೊಂದಿಗೆ ಮಾತಾಡಿ, ಮಂಗಳೂರಿನ ಆಸ್ಪತ್ರೆಗಳಲ್ಲಿ ಪತ್ತೆಯಾಗುವ ನಮ್ಮ ಜಿಲ್ಲೆಯ ರೋಗಿಗಳ ಮಾಹಿತಿ ಅವರ ಒಪ್ಪಿಗೆಯೊಂದಿಗೆ ಉಕ್ಕಿನಡ್ಕಕ್ಕೆ ತಲುಪುವ ಏರ್ಪಾಡು ಮಾಡಿ. ಸ್ಕ್ಯಾನುಗಳನ್ನು ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ, ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಗಳಿಗೆ ಹಂಚಿ. ದಿನಗೂಲಿಯವರು ಸ್ಕ್ಯಾನಿಗಾಗಿ ಒಂದು ದಿನದ ಸಂಬಳ ಬಿಟ್ಟು ಬರುತ್ತಾರೆ. ಬಂದವರನ್ನು ಇನ್ನೊಂದು ದಿನ ಬನ್ನಿ ಎಂದು ಕಳಿಸಿದರೆ ಅವರು ಮತ್ತೆ ಬರುವುದಿಲ್ಲ.

ಕೊನೆಯದಾಗಿ ಭಾಷೆ. ಜೀನ್ ಪರೀಕ್ಷೆಯ ಒಪ್ಪಿಗೆ ಪತ್ರವನ್ನು ಓದಿ ಅರ್ಥ ಮಾಡಿಕೊಳ್ಳದೆ ಹಾಕಿದ ಸಹಿ ಒಪ್ಪಿಗೆಯಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಆ ಪತ್ರ, ರಿಪೋರ್ಟಿನ ವಿವರಣೆ, ಸ್ಕ್ಯಾನಿನ ತಾರೀಕಿನ ಚೀಟಿ ಎಲ್ಲವೂ ಮಲಯಾಳದ ಜೊತೆಗೆ ಕನ್ನಡದಲ್ಲೂ ಇರಬೇಕು. ಓದಲು ಬಾರದವರಿಗೆ ತುಳುವಿನಲ್ಲೋ ಅವರವರ ಮನೆಮಾತಿನಲ್ಲೋ ಹೇಳುವವರು ಬೇಕು. ಇದು ದಯೆಯಾಗಿ ಕೇಳುತ್ತಿರುವುದಲ್ಲ. ಕನ್ನಡ, ತಮಿಳು ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಹೇಳುತ್ತದೆ.

ಅದೇ ಹಕ್ಕಿನಿಂದ ಈ ಪತ್ರಕ್ಕೂ ಕನ್ನಡದಲ್ಲಿ ಉತ್ತರ ಕೋರುತ್ತೇನೆ. ಉತ್ತರದಲ್ಲಿ ನನಗೆ ಬೇಕಾದ್ದು ಮೂರು ವಿಷಯ: ಫಿಬ್-4 ಅಚ್ಚಾಗುವ ಆದೇಶ ಯಾವಾಗ ಹೊರಡುತ್ತದೆ, ಸಿರೋಸಿಸ್ ಇದ್ದವರ ನೋಂದಣಿ ಉಕ್ಕಿನಡ್ಕದಲ್ಲಿ ಯಾವಾಗ ಶುರುವಾಗುತ್ತದೆ, ಪೆರಿಯದವರನ್ನೂ ಉಕ್ಕಿನಡ್ಕದವರನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಸಭೆ ಯಾವಾಗ. ಆ ಸಭೆಗೆ ಕರೆದರೆ ನಾನು ಬರುತ್ತೇನೆ. ಕುಡಿತ ಬಿಟ್ಟು ಸಿರೋಸಿಸ್ ಜೊತೆ ಬದುಕುತ್ತಿರುವ ನಮ್ಮೂರಿನ ಕೆಲವರೂ ಬರುತ್ತೇವೆ ಎಂದಿದ್ದಾರೆ. ಅವರ ಮಾತನ್ನು ಮೊದಲು ಕೇಳಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಟೆಕ್ನೀಷಿಯನ್,
ಎಣ್ಮಕಜೆ ಪಂಚಾಯತು, ಕಾಸರಗೋಡು ಜಿಲ್ಲೆ